ಎಮ್ಮೆದೊಡ್ಡಿ ಸೀಮೆಯ ಕೋಟೆ, ಕೆರೆ ಮತ್ತು ಕಾವಲು

ಚಿಕ್ಕಮಗಳೂರು ಜಿಲ್ಲೆಯ ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ, ಬಾಬಾಬುಡನ್ ಗಿರಿಶ್ರೇಣಿಯ ಬುಡದಿಂದ ಚಿತ್ರದುರ್ಗದ ಬಯಲಿನ ಅಂಚಿನವರೆಗೆ ಹರಡಿರುವ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಪ್ರವಾಸಿಗರ ಮನಸ್ಸಿನಲ್ಲಿ ಬಹುಮಟ್ಟಿಗೆ ಹಾದುಹೋಗುವ ಊರುಗಳಾಗಿಯೇ ಉಳಿದಿವೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾಯ್ದು ಹೋಗುತ್ತದೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಬೀರೂರಿನಲ್ಲಿ ಶಿವಮೊಗ್ಗದ ಕಡೆಗೆ ಕವಲೊಡೆದು, ಅಜ್ಜಂಪುರ, ಶಿವನಿಗಳ ಮೂಲಕ ಮುಂದುವರಿಯುತ್ತದೆ. ಈ ದಾರಿಗಳಲ್ಲಿ ಸಾಗುವವರಲ್ಲಿ ಹೆಚ್ಚಿನವರು ಕೆಮ್ಮಣ್ಣುಗುಂಡಿಗೋ ಜೋಗಕ್ಕೋ ಹೊರಟವರಾಗಿರುವುದರಿಂದ, ನಡುವೆ ಸಿಗುವ ಕೆರೆಯ ಏರಿ, ಹುಲ್ಲಿನ ಬಯಲು, ಹಾಳುಬಿದ್ದ ಕೋಟೆ ಮತ್ತು ಹೊಯ್ಸಳರ ಗುಡಿಗಳನ್ನು ಒಂದೇ ನಾಡಿನ ಅಂಗಗಳೆಂದು ಕಾಣುವ ಅಭ್ಯಾಸ ಬೆಳೆದಿಲ್ಲ. ಹಾಗೆ ಕಂಡಾಗ ಮಾತ್ರ ಇವುಗಳ ಅರ್ಥ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ ಎಂಬುದು ಈ ಭಾಷಣದ ಮುಖ್ಯ ವಿಚಾರ.

ಇಂಥ ನೋಟಕ್ಕೆ ಹೊರನಾಡಿನ ಒಂದು ನಿದರ್ಶನ ನೆರವಾಗಬಹುದು. ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯಲ್ಲಿರುವ ಅಬರ್ಡೀನ್‌ಶೈರ್ ಎಂಬ ಪ್ರಾಂತ ತನ್ನ ಕೋಟೆ, ಕಡಲತೀರ ಮತ್ತು ಹಳ್ಳಿಗಾಡುಗಳನ್ನು ಒಂದೇ ಸಂಚಾರದಲ್ಲಿ ನೋಡಬೇಕೆಂದು ಜಗತ್ತಿಗೆ ಪರಿಚಯಿಸಿಕೊಂಡಿದೆ. ಉತ್ತರ ಸಮುದ್ರಕ್ಕೆ ಚಾಚಿಕೊಂಡ ಬಂಡೆಯ ಮೇಲಿನ ಡನಾಟರ್ ಕೋಟೆಯ ಅವಶೇಷ, 1626ರಲ್ಲಿ ಪೂರ್ಣಗೊಂಡ ಕ್ರೇಗೀವಾರ್ ಎಂಬ ಗೋಪುರದಂಥ ಮನೆಕೋಟೆ, ಕಡಲಹಕ್ಕಿಗಳು ಸಾವಿರಗಟ್ಟಲೆ ಗೂಡುಕಟ್ಟುವ ಟ್ರೂಪ್ ಹೆಡ್‌ನ ಕಡಿದಾದ ತೀರ, ಇವೆಲ್ಲವನ್ನೂ ಗುರುತಿನ ಫಲಕಗಳಿರುವ ರಸ್ತೆಗಳು ಬೆಸೆಯುತ್ತವೆ; ಅದೇ ಸೀಮೆಯ ಕಪ್ಪು ಬಣ್ಣದ, ಕೊಂಬಿಲ್ಲದ ಆಂಗಸ್ ದನಗಳಿಗಾಗಿ 1862ರಲ್ಲೇ ವಂಶಾವಳಿಯ ದಾಖಲೆ ಪುಸ್ತಕವನ್ನು ಆರಂಭಿಸಿದ ಅಲ್ಲಿನ ಜನ ತಮ್ಮ ದನದ ತಳಿಯನ್ನೂ ಕೋಟೆಗಳಷ್ಟೇ ಹೆಮ್ಮೆಯ ಪರಂಪರೆಯಾಗಿ ಕಾಯ್ದುಕೊಂಡಿದ್ದಾರೆ. ಎಮ್ಮೆದೊಡ್ಡಿಯ ಸುತ್ತಲ ಸೀಮೆಗೆ ಕಡಲಿಲ್ಲ, ಆದರೆ ಕಡಲ ಜಾಗದಲ್ಲಿ ಕೆರೆಗಳೂ ಭದ್ರಾ ಹಿನ್ನೀರೂ ಇವೆ, ಕೋಟೆಗಳಿವೆ, ದಕ್ಷಿಣ ಭಾರತದ ಚರಿತ್ರೆಯನ್ನೇ ಪ್ರಭಾವಿಸಿದ ಒಂದು ದನದ ತಳಿಯೂ ಇದೆ. ಇಲ್ಲದಿರುವುದು ಇವುಗಳನ್ನು ಒಟ್ಟಾಗಿ ಕಾಣುವ ದೃಷ್ಟಿ ಮಾತ್ರ.

ಮೊದಲು ಈ ನೆಲದ ಸ್ವರೂಪವನ್ನು ತಿಳಿಯಬೇಕು. ಬಾಬಾಬುಡನ್ ಗಿರಿಗಳು ಅರ್ಧಚಂದ್ರಾಕಾರದಲ್ಲಿ ಬಾಗಿ ನಿಂತಿರುವುದರಿಂದ ಚಂದ್ರದ್ರೋಣ ಪರ್ವತವೆಂಬ ಹೆಸರು ಪಡೆದಿವೆ. ರಾಜ್ಯದ ಅತ್ಯುನ್ನತ ಶಿಖರವಾದ, 1,900 ಮೀಟರಿಗೂ ಮಿಕ್ಕಿ ಎತ್ತರದ ಮುಳ್ಳಯ್ಯನಗಿರಿ ಇದೇ ಶ್ರೇಣಿಯಲ್ಲಿದೆ. ನೈರುತ್ಯ ಮುಂಗಾರಿನ ಮೋಡಗಳು ಈ ಗೋಡೆಗೆ ಬಡಿದು ಪಶ್ಚಿಮದ ಇಳಿಜಾರುಗಳಲ್ಲಿ ಧಾರಾಳವಾಗಿ ಸುರಿದು, ಬೆನ್ನಿನಾಚೆಯ ಕಡೂರಿನ ಬಯಲನ್ನು ತಲುಪುವ ವೇಳೆಗೆ ಬಹುಮಟ್ಟಿಗೆ ಬರಿದಾಗುತ್ತವೆ. ಬೆಟ್ಟವೊಂದು ಮಳೆಯನ್ನು ತಡೆದು ತನ್ನ ಆಚೆಯ ನೆಲವನ್ನು ಒಣಗಿಸುವ ಇಂಥ ಪ್ರದೇಶವನ್ನು ಭೂಗೋಳಶಾಸ್ತ್ರಜ್ಞರು ಮಳೆನೆರಳಿನ ಪ್ರದೇಶವೆಂದು ಕರೆಯುತ್ತಾರೆ. ಗಿರಿಯ ನೆತ್ತಿಯಲ್ಲಿ ಶೋಲಾ ಕಾಡು ಮತ್ತು ಕಾಫಿ ತೋಟ, ತರೀಕೆರೆಯ ಪಶ್ಚಿಮದಲ್ಲಿ ಅಡಕೆ, ಕಡೂರಿನಲ್ಲಿ ತೆಂಗು ಮತ್ತು ರಾಗಿ, ಅದಕ್ಕೂ ಪೂರ್ವಕ್ಕೆ ಕುರುಚಲು ಮತ್ತು ಹುಲ್ಲು, ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಮಲೆನಾಡು ಬಯಲುಸೀಮೆಯಾಗಿ ಮಾರ್ಪಡುವುದನ್ನು ನೋಡಲು ಈ ಸೀಮೆಗಿಂತ ತಕ್ಕ ಜಾಗ ದೊರೆಯುವುದು ಕಷ್ಟ.

ಈ ಮಾರ್ಪಾಡಿನ ನಡುವಿನ ಹಂತದಲ್ಲಿ, ಗಿರಿಯ ಪೂರ್ವದ ತಪ್ಪಲಿನಲ್ಲಿ, ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಹೋಬಳಿ ಇದೆ. ಹೋಬಳಿ ಎಂದರೆ ಕೆಲವು ಗ್ರಾಮಗಳನ್ನು ಒಳಗೊಂಡ, ತಾಲ್ಲೂಕಿನ ಕೆಳಗಿನ ಕಂದಾಯ ವಿಭಾಗ. ಒಂದು ಕಡೆ ಮೀಸಲು ಅರಣ್ಯ, ಇನ್ನೊಂದು ಕಡೆ ಮಳೆಯಾಶ್ರಯದ ಹೊಲ, ಮಧ್ಯೆ ಲಂಬಾಣಿಗರ ತಾಂಡಗಳು ಮತ್ತು ಗೊಲ್ಲರ ಹಟ್ಟಿಗಳು ಇರುವ ಈ ತಪ್ಪಲು ಇಡೀ ಸೀಮೆಯ ನೀರಿನ ಹೆಬ್ಬಾಗಿಲಿನಂತಿದೆ. ಗಿರಿಯ ಮೇಲೆ ಸುರಿದ ಮಳೆ ಬಯಲಿಗೆ ಇಳಿಯಬೇಕಾದರೆ ಇಂಥ ತಪ್ಪಲುಗಳನ್ನು ದಾಟಿಯೇ ಇಳಿಯಬೇಕಾದ್ದರಿಂದ, ಹಿಂದಿನವರು ತಮ್ಮ ದೊಡ್ಡ ಕೆರೆಗಳನ್ನು ಕಟ್ಟಲು ಬೆಟ್ಟದ ಸಾಲು ಮುಗಿದು ಬಯಲು ಆರಂಭವಾಗುವ ಈ ಸಂಧಿಯನ್ನೇ ಆರಿಸಿಕೊಂಡರು.

ಅವುಗಳಲ್ಲಿ ಎರಡು ಕೆರೆಗಳು ವಿಶೇಷವಾಗಿ ಗಮನಾರ್ಹವಾಗಿವೆ. ಗಿರಿಯ ಪೂರ್ವ ಪಾರ್ಶ್ವದಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳಲ್ಲಿ ವೇದೆಯ ಜಾಡಿನಲ್ಲಿ, ಸಖರಾಯಪಟ್ಟಣದ ಬಳಿ, ಅಯ್ಯನಕೆರೆಯೂ, ಅವತಿಯ ಜಾಡಿನಲ್ಲಿ, ಎಮ್ಮೆದೊಡ್ಡಿಯ ಕಡೆಗೆ, ಮದಗದಕೆರೆಯೂ ಇವೆ. ಈ ಕೆರೆಗಳಿಂದ ಹೊರಟ ನೀರು ಕಡೂರು ತಾಲ್ಲೂಕಿನ ಪುರ ಎಂಬಲ್ಲಿ ಕೂಡಿ ವೇದಾವತಿ ನದಿಯಾಗಿ ಪೂರ್ವಕ್ಕೆ ಹರಿದು, ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವನ್ನು ತುಂಬಿ, ಮುಂದೆ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆಯ ಮೇಲೆ 1933ರಲ್ಲಿ ಕೋಡಿ ಹರಿದ ನೀರು ಮತ್ತೆ ಹಾಗೆ ಹರಿದದ್ದು 2022ರಲ್ಲಿ. ಇಷ್ಟು ದೀರ್ಘವಾದ ನಡುಗಾಲವೇ ಈ ನದಿಯ ನೀರು ಎಷ್ಟು ಮಿತವಾದದ್ದು ಎಂಬುದಕ್ಕೆ ಸಾಕ್ಷಿ. ಅಂಥ ನದಿಯ ನೆತ್ತಿಯಲ್ಲೇ ನೀರನ್ನು ಹಿಡಿದಿಡುವ ಕೆರೆಗಳನ್ನು ಕಟ್ಟಿದವರ ವಿವೇಕವೂ ಇದರಿಂದ ತಿಳಿಯುತ್ತದೆ.

ಅಯ್ಯನಕೆರೆಯನ್ನು ಸಖರಾಯಪಟ್ಟಣವನ್ನು ಆಳಿದ ರುಕ್ಮಾಂಗದರಾಯನೆಂಬ ದೊರೆ ಕಟ್ಟಿಸಿದನೆಂದು ಪ್ರತೀತಿ ಇದೆ. 1156ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಆಳ್ವಿಕೆಯಲ್ಲಿ, ಅದರ ಜೀರ್ಣೋದ್ಧಾರವಾಯಿತು. ಇದಕ್ಕೆ ದೊಡ್ಡ ಮದಗದಕೆರೆ ಎಂಬ ಹೆಸರೂ ಇದೆ. ಸುಮಾರು 4,650 ಅಡಿ ಎತ್ತರದ, ಶಂಕುವಿನಾಕಾರದ ಶಕುನಗಿರಿ ಕೆರೆಯ ಹಿಂದೆ ಎದ್ದು ನಿಂತಿರುವುದರಿಂದ ಏರಿಯ ಮೇಲಿನಿಂದ ಕಾಣುವ ನೋಟ ಹೆಸರಾಗಿದೆ. ಆದರೆ ನೋಡುಗನು ಬೆಟ್ಟದ ಕಡೆಯಿಂದ ಕಣ್ಣು ತಿರುಗಿಸಿ ಏರಿಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಏರಿ ಎಂದರೆ ನೀರನ್ನು ತಡೆಯುವ ಮಣ್ಣಿನ ಕಟ್ಟೆ. ಅದರ ಒಳಮೈಗೆ ಅಲೆಯ ಹೊಡೆತ ತಾಳಲು ಕಲ್ಲು ಹೊದಿಸಲಾಗುತ್ತದೆ. ನೀರನ್ನು ಬೇಕಾದಷ್ಟೇ ಹೊರಬಿಡುವ ಕಂಡಿ ತೂಬು, ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಹರಿದುಹೋಗುವ ದಾರಿ ಕೋಡಿ, ತೂಬಿನ ನೀರುಣ್ಣುವ ಗದ್ದೆತೋಟಗಳ ಒಟ್ಟು ವಿಸ್ತಾರ ಅಚ್ಚುಕಟ್ಟು. ಈ ನಾಲ್ಕು ಅಂಗಗಳು ಒಂದರ ಜೊತೆಗೊಂದು ಸರಿಹೊಂದಿದ್ದರೆ ಮಾತ್ರ ಕೆರೆ ಕೆರೆಯಾಗಿ ಉಳಿಯುತ್ತದೆ; ಒಂದು ಸಡಿಲವಾದರೂ ಉಳಿದ ಮೂರು ನಿರರ್ಥಕವಾಗುತ್ತವೆ.

ಇವುಗಳನ್ನು ಸರಿಹೊಂದಿಸುವ ಹೊಣೆ ಹೊತ್ತವನು ನೀರಗಂಟಿ, ಅಂದರೆ ತೂಬನ್ನು ತೆಗೆದು ಮುಚ್ಚಿ, ಸರದಿಯಂತೆ ಹೊಲಗಳಿಗೆ ನೀರು ಹಂಚುವ ಗ್ರಾಮದ ಸೇವಕ. ಅಯ್ಯನಕೆರೆಗೆ ಸಂಬಂಧಿಸಿದ ಪ್ರಸಿದ್ಧ ಐತಿಹ್ಯದ ನಾಯಕನೂ ಹೊನ್ನಬಿಲ್ಲನೆಂಬ ನೀರಗಂಟಿಯೇ ಆಗಿರುವುದು ಅರ್ಥಪೂರ್ಣವಾಗಿದೆ. ಕೆರೆಯ ದೇವತೆ ಏರಿಯನ್ನು ಒಡೆದು ಹೊರಡಲು ನಿಶ್ಚಯಿಸಿದ್ದನ್ನು ತಿಳಿದ ಆತ, ದೊರೆಯ ಅಪ್ಪಣೆ ತಂದು ತಾನು ಹಿಂದಿರುಗುವವರೆಗೆ ಕಾಯಬೇಕೆಂದು ಅವಳನ್ನು ಒಪ್ಪಿಸಿ, ಓಡಿಹೋಗಿ ದೊರೆಗೆ ವಿಷಯ ತಿಳಿಸಿದನೆಂದೂ, ಅವನು ಹಿಂದಿರುಗದಿದ್ದರೆ ಕೆರೆ ಎಂದೆಂದಿಗೂ ಉಳಿಯುವುದೆಂದು ಅರಿತ ದೊರೆ ಅವನ ಪ್ರಾಣವನ್ನೇ ತೆಗೆಸಿದನೆಂದೂ ಜನ ಹೇಳುತ್ತಾರೆ. ಕೆರೆಗೆ ಬಲಿಯಾದವರ ಕಥೆಗಳು ಕನ್ನಡನಾಡಿನಲ್ಲಿ ಹಲವಾರಿದ್ದರೂ, ಅವುಗಳಲ್ಲಿ ಸಾಮಾನ್ಯವಾಗಿ ಬಲಿಯಾಗುವವಳು ಮನೆಯ ಸೊಸೆ. ಇಲ್ಲಿ ಬಲಿಯಾಗುವವನು ಕೆರೆಯ ಕೆಲಸಗಾರ. ಕೊಟ್ಟ ಮಾತು ದೇವತೆಯನ್ನು ಕಟ್ಟಿಹಾಕುತ್ತದೆ, ಅದರ ಬೆಲೆಯನ್ನು ತೆರುವವನು ಮಾತು ಪಡೆದ ಬಡವ. ಕೆರೆಯನ್ನು ಉಳಿಸಿದ್ದು ದೊರೆಯ ಸಂಪತ್ತಿಗಿಂತ ಹೆಚ್ಚಾಗಿ ನೀರಗಂಟಿಯ ನಿಷ್ಠೆ ಎಂಬ ತೀರ್ಪನ್ನು ಜನಪದ ಈ ಕಥೆಯ ಮೂಲಕ ನೀಡಿದಂತಿದೆ.

ಮದಗದಕೆರೆಯ ಕೀರ್ತಿ ಬೇರೆ ಬಗೆಯದು. ಮಾಯದ ಮಳೆ ಬಂದು ಕೆರೆ ತುಂಬಿದ ವಿಷಯವನ್ನು ಹಾಡುವ, ಕರ್ನಾಟಕದ ಮನೆಮಾತಾಗಿರುವ ಜನಪದ ಗೀತೆ ಈ ಕೆರೆಯದೇ ಎಂದು ಕಡೂರಿನ ಜನ ನಂಬುತ್ತಾರೆ. ಹಾವೇರಿ ಜಿಲ್ಲೆಯ ಮಾಸೂರಿನ ಬಳಿಯ ಮದಗದ ಕೆರೆಯವರೂ ಅದೇ ಹಾಡನ್ನು ತಮ್ಮದೆನ್ನುತ್ತಾರೆ. ಈ ವಾದವನ್ನು ತೀರ್ಮಾನಿಸುವುದಕ್ಕಿಂತ, ಎರಡೂ ಊರುಗಳು ಮಲೆನಾಡಿನ ಅಂಚಿನಲ್ಲಿದ್ದು, ಎಲ್ಲೋ ಬೆಟ್ಟದಲ್ಲಿ ಸುರಿದ ಮಳೆ ತಮ್ಮ ಒಣನೆಲಕ್ಕೆ ಹರಿದುಬರುವುದನ್ನು ಪವಾಡವೆಂದು ಕಂಡವು ಎಂಬುದನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಊರಲ್ಲಿ ಹನಿ ಬೀಳದಿದ್ದರೂ ಕೆರೆ ತುಂಬುವ ವಿಚಿತ್ರ ಮಳೆನೆರಳಿನ ತಪ್ಪಲಿನಲ್ಲಿ ಮಾತ್ರ ಸಾಧ್ಯ. ಒಳ್ಳೆಯ ಮುಂಗಾರಿನ ವರ್ಷಗಳಲ್ಲಿ ಮದಗದಕೆರೆ ಕೋಡಿ ಬಿದ್ದಿತೆಂಬ ಸುದ್ದಿ ಹಬ್ಬಿದೊಡನೆ ಸುತ್ತಲಿನ ಊರಿನವರು ನೋಡಲು ಬರುವುದೂ ಇದೇ ಕಾರಣದಿಂದ.

ನೀರು ನಿಂತಲ್ಲಿ ಊರು, ಊರು ಬೆಳೆದಲ್ಲಿ ಗುಡಿ ಮತ್ತು ಶಾಸನ ಎಂಬುದು ಈ ಸೀಮೆಯ ಚರಿತ್ರೆಯ ಕ್ರಮ. ಕಡೂರಿನಲ್ಲಿ ದೊರೆತ, ಕ್ರಿ.ಶ. 971ರ ಕಾಲದ ಕಂಬದ ಶಾಸನವೊಂದು ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆ ಅರಮನೆಯ ಸುಖವನ್ನು ತೊರೆದು, ತಲೆಗೂದಲನ್ನು ಕಿತ್ತುಕೊಂಡು, ಮೂವತ್ತು ವರ್ಷಗಳ ಕಾಲ ಜೈನ ಸಂನ್ಯಾಸಿನಿಯಾಗಿ ತಪಸ್ಸು ಮಾಡಿದ್ದನ್ನು ದಾಖಲಿಸುತ್ತದೆ. ಬೀರೂರಿಗೆ ಹೆಚ್ಚು ದೂರವಲ್ಲದ ಆಸಂದಿ, ಮುಖ್ಯ ಗಂಗ ಮನೆತನ ಅಳಿದ ಮೇಲೂ, ಹೊಯ್ಸಳರ ಸಾಮಂತರಾಗಿ ಆಳಿದ ಗಂಗರ ಒಂದು ಶಾಖೆಯ ರಾಜಧಾನಿಯಾಗಿತ್ತು; ಅಲ್ಲಿನ ಹೊಯ್ಸಳ ಶೈಲಿಯ ಗುಡಿಗಳು ಆ ಸಾಮಂತರ ಪ್ರಾಬಲ್ಯವನ್ನು ಇಂದಿಗೂ ಸೂಚಿಸುತ್ತವೆ. ಹಿರೇನಲ್ಲೂರಿನ ಮಲ್ಲಿಕಾರ್ಜುನ ಗುಡಿಯೂ ಇದೇ ಕಾಲಘಟ್ಟಕ್ಕೆ ಸೇರಿದ್ದು. ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಕೂಡ ಕಡೂರು ತಾಲ್ಲೂಕಿನಲ್ಲೇ ಇದ್ದು, ಕವಿಯ ಇಷ್ಟದೈವವಾದ ಲಕ್ಷ್ಮೀರಮಣನ ದೇವಾಲಯ ಅಲ್ಲಿದೆ.

ಈ ಗುಡಿಗಳ ಸಾಲಿನಲ್ಲಿ ಸಾವಧಾನವಾದ ನೋಟವನ್ನು ಬೇಡುವುದು ತರೀಕೆರೆಗೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ, ಅಮಿತಯ್ಯ ಎಂದೂ ಹೆಸರಾದ ಅಮೃತೇಶ್ವರ ದಂಡನಾಯಕ ಇದನ್ನು 1196ರಲ್ಲಿ ಕಟ್ಟಿಸಿದನು. ಇದು ಏಕಕೂಟ ದೇವಾಲಯ, ಅಂದರೆ ಒಂದೇ ಗರ್ಭಗುಡಿ ಮತ್ತು ಒಂದೇ ಶಿಖರ ಉಳ್ಳದ್ದು. ಗರ್ಭಗುಡಿಯ ಮುಂದೆ ಒಂಬತ್ತು ಅಂಕಣಗಳ ಮುಚ್ಚಿದ ನವರಂಗವೂ ಅದಕ್ಕೆ ಹೊಂದಿಕೊಂಡು ಇಪ್ಪತ್ತೊಂಬತ್ತು ಅಂಕಣಗಳ ತೆರೆದ ಮಂಟಪವೂ ಇವೆ. ಅಂಕಣವೆಂದರೆ ನಾಲ್ಕು ಕಂಬಗಳ ನಡುವಣ ಚೌಕ. ಬಳಪದ ಕಲ್ಲಿನಲ್ಲಿ ಕಡೆದು, ಕನ್ನಡಿಯಂತೆ ನುಣುಪುಗೊಳಿಸಿದ ಕಂಬಗಳು ಎರಡೂ ಮಂಟಪಗಳ ಚೆಲುವನ್ನು ಹೆಚ್ಚಿಸಿವೆ.

ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಲ್ಲಿ ಪುರಾಣಕಥೆಗಳನ್ನು ಕೆತ್ತಲಾಗಿದೆ. ದಕ್ಷಿಣದ ಗೋಡೆಯ 70 ಫಲಕಗಳಲ್ಲಿ ರಾಮಾಯಣವೂ, ಉತ್ತರದ ಗೋಡೆಯ 25 ಫಲಕಗಳಲ್ಲಿ ಕೃಷ್ಣನ ಲೀಲೆಗಳೂ, 45ರಲ್ಲಿ ಮಹಾಭಾರತವೂ ಇವೆ. ಹೊಯ್ಸಳ ಗುಡಿಗಳಲ್ಲಿ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುವುದು ವಾಡಿಕೆಯಾದರೂ, ಇಲ್ಲಿನ ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಆದ್ದರಿಂದ ವಾಡಿಕೆಯಂತೆ ಸುತ್ತುವವನಿಗೆ ಉತ್ತರದ ಗೋಡೆಯ ಕಥೆ ತನ್ನಿಂದ ತಾನೇ ಬಿಚ್ಚಿಕೊಂಡರೆ, ದಕ್ಷಿಣದ ಗೋಡೆಯ ಕಥೆಯನ್ನು ಕೊನೆಯಿಂದ ಮೊದಲಿಗೆ ಓದಬೇಕಾಗುತ್ತದೆ. ಹೊಯ್ಸಳ ಶಿಲ್ಪಿಗಳಲ್ಲಿ ದೀರ್ಘಕಾಲ ಬಾಳಿ, 1258ರ ಸೋಮನಾಥಪುರದ ಕೇಶವ ದೇವಾಲಯದವರೆಗೂ ಉಳಿಯನ್ನು ಹಿಡಿದ ಮಲ್ಲಿತಮ್ಮನ ಆರಂಭದ ಕೆಲಸ ಇರುವುದು ಇಲ್ಲಿಯೇ. ಇಲ್ಲಿನ ಶಾಸನವನ್ನು ರಚಿಸಿದವನು ಯಶೋಧರ ಚರಿತೆಯ ಕವಿ ಜನ್ನ. ಒಬ್ಬ ದಂಡನಾಯಕನ ಧನ, ಉದಯೋನ್ಮುಖ ಶಿಲ್ಪಿಯ ಕೈ ಮತ್ತು ಮಹಾಕವಿಯೊಬ್ಬನ ನುಡಿ ಒಂದೇ ಅಂಗಳದಲ್ಲಿ ಕೂಡಿರುವುದು ಅಪರೂಪದ ಸಂಗತಿ. ದೇವಾಲಯ ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಗುಡಿಗಳಿಗೆ ಹೋಲಿಸಿದರೆ ಈ ಸೀಮೆಯ ಕೋಟೆಗಳ ಸ್ಥಿತಿ ದೀನವಾಗಿದೆ. ವಿಜಯನಗರದ ಕಾಲದಲ್ಲಿ ಬಸವಾಪಟ್ಟಣದಲ್ಲಿ ತಲೆಯೆತ್ತಿ, ಸಂತೇಬೆನ್ನೂರಿನಲ್ಲಿ ಬೆಳೆದ ಪಾಳೆಯಗಾರ ಮನೆತನವೊಂದು, ಬಿಜಾಪುರದ ಸೇನೆಯ ಒತ್ತಡದಿಂದ ದಕ್ಷಿಣಕ್ಕೆ ಸರಿದು, ಹದಿನೇಳನೆಯ ಶತಮಾನದಲ್ಲಿ ತರೀಕೆರೆಯಲ್ಲಿ ನೆಲೆನಿಂತಿತು. ಪಾಳೆಯಗಾರರೆಂದರೆ ಒಂದು ಪಾಳೆಯಪಟ್ಟಿನ ಕಂದಾಯವನ್ನು ಅನುಭವಿಸುತ್ತ, ಬದಲಿಗೆ ಅರಸನಿಗೆ ಕಾಣಿಕೆಯನ್ನೂ ಯುದ್ಧಕಾಲದಲ್ಲಿ ಸೈನ್ಯವನ್ನೂ ಒದಗಿಸುತ್ತಿದ್ದ ನಾಯಕರು. ತರೀಕೆರೆಯ ಸರ್ಜಾ ಹನುಮಪ್ಪ ನಾಯಕನ ಹೆಸರು ಈ ಮನೆತನದಲ್ಲಿ ಪ್ರಸಿದ್ಧವಾದದ್ದು. ಊರಿನ ಕೋಟೆ ಅವರದೇ ಕೊಡುಗೆ. ಬಯಲಿನ ಕೋಟೆ ಕೈತಪ್ಪಿದಾಗ ಆಶ್ರಯ ಪಡೆಯಲು ಅವರಿಗೆ ಪಶ್ಚಿಮದ ಕಾಡಿನೊಳಗೆ ಕಲ್ಲದುರ್ಗ, ಕಾಮನದುರ್ಗಗಳೆಂಬ ಬೆಟ್ಟದ ಕೋಟೆಗಳಿದ್ದವು.

ಈ ದುರ್ಗಗಳು ಕೊನೆಯ ಬಾರಿ ಯುದ್ಧವನ್ನು ಕಂಡದ್ದು 1830–31ರಲ್ಲಿ ನಗರ ಎಂಬ ಸೀಮೆಯಲ್ಲಿ ಎದ್ದ ದಂಗೆಯಲ್ಲಿ. ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿಂದ ಬೇಸತ್ತ ರೈತರು ಊರೂರಿನಲ್ಲಿ ಕೂಟಗಳನ್ನು ಸೇರಿಸಿ ಕಂದಾಯ ಕೊಡಲು ನಿರಾಕರಿಸಿದಾಗ, ಕೆಳದಿಯ ಸಿಂಹಾಸನ ತನ್ನದೆಂದು ಸಾರಿಕೊಂಡ ಬೂದಿ ಬಸವಪ್ಪ ನಾಯಕ ದಂಗೆಗೆ ಮುಂದಾಳಾದನು. ತರೀಕೆರೆಯ ರಂಗಪ್ಪ ನಾಯಕನೂ ಮೈಸೂರು ಸರ್ಕಾರದ ವಿರುದ್ಧ ತಿರುಗಿಬಿದ್ದು ಆ ಪಕ್ಷವನ್ನು ಸೇರಿದನು. ದಂಗೆ ಅಡಗಿತಾದರೂ, ಅದನ್ನೇ ಕಾರಣವಾಗಿ ಹಿಡಿದು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು, 1881ರವರೆಗೆ ಇಟ್ಟುಕೊಂಡರು. ಮುಂದೆ ಜಿಲ್ಲೆಗೆ ಕಡೂರಿನ ಹೆಸರೇ ಸಂದು, ಕೇಂದ್ರ ಚಿಕ್ಕಮಗಳೂರಿಗೆ ಹೋದ ಮೇಲೂ, 1947ರವರೆಗೆ ಕಡೂರು ಜಿಲ್ಲೆ ಎಂಬ ವಾಡಿಕೆ ಉಳಿದಿತ್ತು. ಇಷ್ಟು ದೊಡ್ಡ ರಾಜಕೀಯ ಪರಿಣಾಮಕ್ಕೆ ಪಾಲುದಾರವಾದ ದುರ್ಗಗಳು ಇಂದು ಗಿಡಗಂಟೆಗಳಲ್ಲಿ ಮುಚ್ಚಿಹೋಗಿವೆ. ಅವು ಕಾಡಿನೊಳಗೆ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅತ್ತ ಹೋಗಬಾರದು.

ಹಾಗಾದರೆ ಈ ಸೀಮೆಯ ಬಲ ಯಾವುದರಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಅಜ್ಜಂಪುರ ಮತ್ತು ಬೀರೂರಿನ ಕಾವಲುಗಳಲ್ಲಿ ಸಿಗುತ್ತದೆ. ಕಾವಲು ಎಂದರೆ ಸರ್ಕಾರಿ ದನಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯ ಕೆಳಗೆ ರಾಜ್ಯದ ದನದ ಹಿಂಡುಗಳನ್ನು ವ್ಯವಸ್ಥೆಗೊಳಿಸಿದರು. ಹೈದರ್ ಅಲಿ ಅವುಗಳನ್ನು ಫಿರಂಗಿ ಮತ್ತು ಸಾಮಾನು ಸಾಗಿಸುವ ಸೇನೆಯ ಅಂಗವಾಗಿ ಬೆಳೆಸಿದನು. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತ ಮಹಲ್ ಎಂಬ ಹೆಸರಿಟ್ಟು ಪಾಲನೆಯ ನಿಯಮಗಳನ್ನು ಬರೆಸಿದನು. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ಹಿಂಡುಗಳಿಂದ ರೂಪುಗೊಂಡ ಈ ತಳಿಯ ಎತ್ತುಗಳು ಬೂದುಬಣ್ಣದ, ಬಿಗಿಯಾದ ಮೈಕಟ್ಟಿನ, ಹಿಂದಕ್ಕೆ ಬಾಗಿ ಚೂಪಾಗಿ ಮುಗಿಯುವ ಉದ್ದ ಕೊಂಬಿನ ಪ್ರಾಣಿಗಳು. ಹೆಚ್ಚು ಹಾಲು ಕೊಡದಿದ್ದರೂ ವೇಗ ಮತ್ತು ತಾಳ್ಮೆಯಲ್ಲಿ ಅವುಗಳಿಗೆ ಸರಿಸಾಟಿ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳನ್ನು ವಶಪಡಿಸಿಕೊಂಡ ಬ್ರಿಟಿಷರು ಮರುವರ್ಷ ತಮ್ಮ ವಿರುದ್ಧ ಬಂಡೆದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿದ್ದು ಇವೇ ಎತ್ತುಗಳ ಬಲದಿಂದ. ಆ ದಂಡಿನ ನಾಯಕ ಆರ್ಥರ್ ವೆಲ್ಲೆಸ್ಲಿ ಮುಂದೆ ಸ್ಪೇನಿನ ಯುದ್ಧದಲ್ಲಿ ಮೈಸೂರಿನ ಎತ್ತುಗಳಿಲ್ಲದ ಕೊರತೆಯನ್ನು ನೆನೆದನು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿದ ಸರ್ಕಾರ ತಪ್ಪನ್ನು ಅರಿತು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅವು ಮೈಸೂರು ಸರ್ಕಾರಕ್ಕೆ ಹಿಂದಿರುಗಿದವು.

ಕಾವಲು ಮತ್ತು ಕೆರೆಗಳ ನಂಟು ಇಲ್ಲಿ ಸ್ಪಷ್ಟವಾಗುತ್ತದೆ. ಅಮೃತ ಮಹಲಿನ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿ, ಹಿಂಡುಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಸಲಾಗುತ್ತಿತ್ತು. ಬೇಸಗೆಯ ಕಾವಲುಗಳಲ್ಲಿ ಹೆಚ್ಚಿನವು ನೀರು ಇಂಗಿದ ಮೇಲೆ ಹಸಿ ಹುಲ್ಲು ಚಿಗುರುವ ಕೆರೆಯಂಗಳಗಳು ಮತ್ತು ನೆರಳಿನ ಮರಗಳಿರುವ ತಾಣಗಳು. ಮಳೆಗಾಲದಲ್ಲಿ ಗದ್ದೆಗೆ ನೀರೂಡಿದ ಅದೇ ಕೆರೆ ಬೇಸಗೆಯಲ್ಲಿ ದನಕ್ಕೆ ಮೇವಾಗುತ್ತಿತ್ತು. ಆ ಮೇವನ್ನು ತಿಂದು ಬೆಳೆದ ಎತ್ತು ಉಳುಮೆಗೂ ದಂಡಿಗೂ ಒದಗುತ್ತಿತ್ತು. ಕೋಟೆಯ ಗೋಡೆಯನ್ನು ಫಿರಂಗಿ ಕೆಡವಬಹುದಾಗಿತ್ತು, ಫಿರಂಗಿಯನ್ನು ಕೋಟೆಯವರೆಗೆ ಎಳೆದು ತರಬೇಕಾದದ್ದು ಮಾತ್ರ ಕಾವಲಿನ ಎತ್ತು. ಆದ್ದರಿಂದ ಈ ನಾಡಿನ ಅಧಿಕಾರ ಕಲ್ಲಿನ ಗೋಡೆಗಳಿಗಿಂತ ಹೆಚ್ಚಾಗಿ ನೀರು ಮತ್ತು ಹುಲ್ಲಿನ ಮೇಲೆ ನಿಂತಿತ್ತು ಎಂದು ಹೇಳುವುದು ಅತಿಶಯೋಕ್ತಿಯಲ್ಲ.

ಕಾವಲುಗಳು ಹುಲ್ಲೆ ಮತ್ತು ತೋಳಗಳ ನೆಲೆಯೂ ಹೌದು. ಕಡೂರು ತಾಲ್ಲೂಕಿನ ಬಾಸೂರಿನ ಅಮೃತ ಮಹಲ್ ಕಾವಲಿನ ಸುಮಾರು ಏಳು ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ಸರ್ಕಾರ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅಲ್ಲಿ ಕೃಷ್ಣಮೃಗಗಳ ಹಿಂಡುಗಳನ್ನು ಕಾಣಬಹುದು. ಆದರೆ ರಾಜ್ಯದಲ್ಲಿ ಒಮ್ಮೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಅಮೃತ ಮಹಲ್ ಕಾವಲುಗಳಲ್ಲಿ ಈಗ ಐದನೆಯ ಒಂದು ಪಾಲೂ ಉಳಿದಿಲ್ಲ. ಹುಲ್ಲುಗಾವಲನ್ನು ಕಂದಾಯದ ಲೆಕ್ಕದಲ್ಲಿ ಪಾಳುಭೂಮಿ ಎಂದು ಭಾವಿಸುವ ರೂಢಿಯೇ ಈ ನಷ್ಟದ ಮೂಲ. ಉಳಿದಿರುವ ಹಿಂಡುಗಳನ್ನು ಅಜ್ಜಂಪುರ ಮತ್ತು ಬೀರೂರಿನ ಸರ್ಕಾರಿ ಕೇಂದ್ರಗಳು ಸಾಕುತ್ತಿದ್ದು, ಹೋರಿಗರುಗಳ ಹರಾಜಿಗೆ ದೂರದ ಜಿಲ್ಲೆಗಳಿಂದಲೂ ರೈತರು ಬರುತ್ತಾರೆ.

ಪಶ್ಚಿಮದಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಇದೇ ನೀರಿನ ಕಥೆಯ ಹೊಸ ಅಧ್ಯಾಯ. ಸ್ವಾತಂತ್ರ್ಯದ ಸುಮಾರಿಗೆ ಆರಂಭವಾಗಿ 1960ರ ದಶಕದಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ 71.5 ಟಿಎಂಸಿ ನೀರು ನಿಲ್ಲುತ್ತದೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಬೇಸಗೆಯಲ್ಲಿ ನೀರು ತಗ್ಗಿ ಹಿನ್ನೀರಿನ ನಡುಗಡ್ಡೆಗಳು ಮೇಲೇಳುತ್ತಲೇ ರೀವ ಎಂಬ ನೀರುಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ಬಂದು, ಬರಿಯ ನೆಲದ ಮೇಲೆ ಮೊಟ್ಟೆಯಿಟ್ಟು ಮರಿಮಾಡುತ್ತವೆ. ಟ್ರೂಪ್ ಹೆಡ್‌ನ ಕಡಲತೀರದಲ್ಲಿ ಕಾಣುವ ಸಂತಾನೋತ್ಪತ್ತಿಯ ಸಡಗರವನ್ನು ಇಲ್ಲಿ ಒಳನಾಡಿನ ನೀರಿನ ಮೇಲೆ ಕಾಣಬಹುದು. ಸುತ್ತಲಿನ ಕಾಡು ಭದ್ರಾ ಹುಲಿ ಮೀಸಲು ಪ್ರದೇಶಕ್ಕೆ ಸೇರಿದೆ. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಇದೇ ಜಲಾಶಯದಿಂದ 29.9 ಟಿಎಂಸಿ ನೀರನ್ನು ಎತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹಾಯಿಸಿ ಚಿತ್ರದುರ್ಗದ ಕಡೆಗೆ ಒಯ್ಯಲು ಯೋಜಿಸಲಾಗಿದೆ. ಗಿರಿಯ ನೀರನ್ನು ಮಳೆನೆರಳಿಗೆ ತಲುಪಿಸುವ ಅಯ್ಯನಕೆರೆಯ ಕಾಲದ ಉದ್ದೇಶವೇ ಇಲ್ಲಿ ಪಂಪು ಮತ್ತು ಸುರಂಗಗಳ ರೂಪ ತಳೆದಿದೆ.

ಈ ಸೀಮೆಯನ್ನು ನೋಡಬಯಸುವವರು ನೀರಿನ ಜಾಡನ್ನೇ ದಾರಿಯಾಗಿ ಹಿಡಿಯುವುದು ಉತ್ತಮ. ಕೆಮ್ಮಣ್ಣುಗುಂಡಿಯ 1,434 ಮೀಟರ್ ಎತ್ತರದಿಂದ ಆರಂಭಿಸಿ, ವೀರಭದ್ರನ ಗುಡಿಯ ಮಗ್ಗುಲಲ್ಲೇ ನೀರು ಧುಮುಕುವ ಕಲ್ಲತ್ತಿಗಿರಿಯನ್ನು ನೋಡಿಕೊಂಡು, ಲಿಂಗದಹಳ್ಳಿಯ ಮೂಲಕ ತರೀಕೆರೆ ಮತ್ತು ಅಮೃತಾಪುರಕ್ಕೆ ಇಳಿಯಬಹುದು. ಅಲ್ಲಿಂದ ಅಜ್ಜಂಪುರದ ಕಾವಲು, ಆಸಂದಿ, ಬೀರೂರುಗಳನ್ನು ಬಳಸಿ ಎಮ್ಮೆದೊಡ್ಡಿಯ ಮದಗದಕೆರೆಗೂ, ಕೊನೆಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆಗೂ ಬರಬಹುದು. ಮುಂಗಾರು ಹಿಂದೆ ಸರಿದು ಕೆರೆಗಳು ತುಂಬಿ, ಕಾವಲಿನ ಹುಲ್ಲು ಎದೆಯೆತ್ತರ ಬೆಳೆದಿರುವ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವಧಿ ಇದಕ್ಕೆ ಸೂಕ್ತ. ದಸರೆಯ ಸಮಯಕ್ಕೆ ಬಂದವರಿಗೆ ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕವೂ ಸಿಗುತ್ತದೆ. ಕಾರ್ಣಿಕವೆಂದರೆ ವ್ರತಸ್ಥನಾದ ಗೊರವ ನೆರೆದ ಜನರೆದುರು ನುಡಿಯುವ, ಬರುವ ವರ್ಷದ ಮಳೆಬೆಳೆಯ ಭವಿಷ್ಯವೆಂದು ಜನ ಅರ್ಥೈಸುವ ಒಗಟಿನಂಥ ಒಂದು ವಾಕ್ಯ. ಬಯಲುಸೀಮೆಯ ರೈತನಿಗೆ ಮಳೆಯ ಚಿಂತೆ ಎಷ್ಟು ಆಳವಾದದ್ದೆಂಬುದು ಅಲ್ಲಿ ನೆರೆಯುವ ಜನಸ್ತೋಮವನ್ನು ಕಂಡರೆ ತಿಳಿಯುತ್ತದೆ.

ಪ್ರವಾಸೋದ್ಯಮದ ಇಲಾಖೆಯಾಗಲಿ, ಈ ತಾಲ್ಲೂಕುಗಳ ಪಂಚಾಯಿತಿಗಳಾಗಲಿ ದೊಡ್ಡ ಹಣ ಹೂಡಬೇಕಾದ ಅಗತ್ಯವಿಲ್ಲ. ಮೂರು ತಾಲ್ಲೂಕುಗಳನ್ನು ಬೆಸೆಯುವ ಒಂದು ನಕ್ಷೆ, ಕೆರೆಯ ತೂಬಿನ ಬಳಿ ಅದರ ಕಾಲ ಮತ್ತು ಕೆಲಸವನ್ನು ಕನ್ನಡದಲ್ಲಿ ವಿವರಿಸುವ ಫಲಕ, ಕೋಟೆಯ ಗೋಡೆಯ ಮೇಲಿನ ಗಿಡಗಳನ್ನು ವರ್ಷಕ್ಕೊಮ್ಮೆ ಕೀಳುವ ವ್ಯವಸ್ಥೆ, ಕಾವಲಿನ ಅಂಚಿನಲ್ಲಿ ಹಿಂಡುಗಳನ್ನು ಕಾಡದೆ ನೋಡಲು ಒಂದು ನೆರಳಿನ ತಾಣ, ಇಷ್ಟು ಸಾಕು. ಇದಕ್ಕಿಂತ ಮುಖ್ಯವಾದದ್ದು, ಅಮೃತಾಪುರದ ಗುಡಿಯನ್ನು ಸ್ಮಾರಕವೆಂದು ರಕ್ಷಿಸುವ ಸಮಾಜ ಅಯ್ಯನಕೆರೆಯ ಏರಿಯನ್ನೂ ಅಜ್ಜಂಪುರದ ಹುಲ್ಲನ್ನೂ ಅದೇ ಗೌರವದಿಂದ ಕಾಣುವುದು. ಕಲ್ಲಿನ ಗುಡಿ ಒಂದು ಶತಮಾನ ಯಾರ ಆರೈಕೆಯಿಲ್ಲದೆ ನಿಲ್ಲಬಲ್ಲದು. ಹೂಳು ತೆಗೆಯದ ಕೆರೆ ಮತ್ತು ಉಳುಮೆಗೆ ಸಿಕ್ಕ ಕಾವಲು ಒಂದು ತಲೆಮಾರಿನಲ್ಲೇ ಅಳಿಯುತ್ತವೆ. ಆದ್ದರಿಂದ ಈ ಸೀಮೆಯ ಪರಂಪರೆಯನ್ನು ಉಳಿಸುವ ಕೆಲಸ ಕೆರೆ ಮತ್ತು ಕಾವಲುಗಳಿಂದಲೇ ಆರಂಭವಾಗಬೇಕು, ಮತ್ತು ಅದನ್ನು ಆರಂಭಿಸಬೇಕಾದವರು ಆ ಕೆರೆಯ ನೀರುಂಡು ಬೆಳೆದ ಊರಿನ ಜನರೇ.